ತಾತನಿಗೆ ಸಂಬಳ ಕೊಟ್ಟಿದ್ದು ಯಾರು?

ಇಲ್ಲಿ ಕೂತಿರೋರಲ್ಲಿ ಎಷ್ಟು ಜನರ ಮನೇಲಿ "ನಮ್ಮ ತಾತ ಮಿಲಿಟ್ರೀಲಿದ್ರು, ದೊಡ್ಡ ಯುದ್ಧಕ್ಕೆ ಹೋಗಿದ್ರು" ಅನ್ನೋ ಮಾತಿದೆ, ಕೈ ಎತ್ತಿ ನೋಡೋಣ. ಹತ್ತು ಹನ್ನೆರಡು ಕೈ ಇದೆ. ಈಗ ರೆಜಿಮೆಂಟ್ ಯಾವ್ದು ಅಂತ ಗೊತ್ತಿರೋರು ಮಾತ್ರ ಕೈ ಹಾಗೇ ಇಟ್ಕೊಳಿ, ಉಳಿದೋರು ಇಳಿಸಿ. ಎರಡೇ. ಅವರ ಸರ್ವಿಸ್ ನಂಬರ್ ಗೊತ್ತಿರೋರು? ಯಾರೂ ಇಲ್ಲ ಅಲ್ವಾ. ನಾಚಿಕೆ ಏನಿಲ್ಲ, ನಾನೂ ಇಲ್ಲಿಂದಾನೇ ಶುರು ಮಾಡಿದ್ದು.

ನಮ್ಮನೇಲಿ ಇದ್ದ ಕತೆ ಹೀಗೆ. ತಾತ ಬರ್ಮಾಕ್ಕೆ ಹೋಗಿದ್ರು, ಜಪಾನಿನವರ ಮೇಲೆ ಯುದ್ಧ ಮಾಡಿದ್ರು, ರಾತ್ರಿ ಹೊತ್ತು ಬೆಟ್ಟದಲ್ಲಿ ದಾರಿ ಕಡೀತಿದ್ರು, ಹೇಸರಗತ್ತೆ ಮೇಲೆ ಸಾಮಾನು ಹೊರಿಸ್ಕೊಂಡು ಹೋಗ್ತಿದ್ರು, ಹಿಮ ಬಿದ್ದು ಬೂಟಿನೊಳಗೆ ಕಾಲು ಮರಗಟ್ಟಿ ಹೋಗ್ತಿತ್ತು. ಈ ಕತೇನ ನಾನು ಚಿಕ್ಕವನಿದ್ದಾಗಿಂದ ನೂರು ಸಲ ಕೇಳಿದೀನಿ, ನೂರು ಸಲವೂ ತಲೆ ಆಡಿಸಿದೀನಿ. ಬರ್ಮಾ ಕಾಡಲ್ಲಿ ಹಿಮ ಎಲ್ಲಿಂದ ಬಂತು ಅಂತ ಒಬ್ರೂ ಕೇಳಿರಲಿಲ್ಲ, ಮೇಷ್ಟ್ರಾಗಿದ್ದ ನಮ್ಮಪ್ಪನೂ ಕೇಳಿರಲಿಲ್ಲ, ಭೂಗೋಳ ಓದಿದ ನಾನೂ ಕೇಳಿರಲಿಲ್ಲ.

ಹುಡುಕಬೇಕು ಅಂತ ಕೂತಾಗ ನಾನು ಮಾಡಿದ ಮೊದಲ ಕೆಲಸ ಎಲ್ರೂ ಮಾಡೋದೇ, ತಾತನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ್ದು. ಏನೂ ಬರಲಿಲ್ಲ. ಸ್ಪೆಲಿಂಗ್ ಬದಲಾಯಿಸಿದೆ, ಏನೂ ಇಲ್ಲ. ಇದು ಯಾಕೆ ಅಂತ ಅರ್ಥ ಆಗೋಕೆ ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯ್ತು, ನಿಮಗೆ ಈಗಲೇ ಹೇಳಿಬಿಡ್ತೀನಿ. ಆರ್ಕೈವ್, ಅಂದ್ರೆ ಹಳೇ ದಾಖಲೆ ಇಟ್ಟಿರೋ ಜಾಗ, ಅದನ್ನ ಮೊಮ್ಮಕ್ಕಳು ಹುಡುಕ್ಲಿ ಅಂತ ಯಾರೂ ಕಟ್ಟಿದ್ದಲ್ಲ. ಅಲ್ಲಿರೋ ಒಂದೊಂದು ಕಾಗದವೂ ಯಾವುದೋ ಕಚೇರಿ ತನ್ನ ಲೆಕ್ಕ ಇಟ್ಕೊಳ್ಳೋಕೆ ಬರೆದಿದ್ದು. ಹಾಗಾಗಿ ತಾತನ ಹೆಸರೇನು ಅನ್ನೋ ಪ್ರಶ್ನೆ ಹಿಡ್ಕೊಂಡು ಹೋದ್ರೆ ಬಾಗಿಲು ತೆರೆಯಲ್ಲ, ತಾತನಿಗೆ ಸಂಬಳ ಕೊಟ್ಟಿದ್ದು ಯಾರು ಅನ್ನೋ ಪ್ರಶ್ನೆ ಹಿಡ್ಕೊಂಡು ಹೋಗ್ಬೇಕು. ದುಡ್ಡು ಎಲ್ಲಿಂದ ಬಂತೋ ಕಾಗದ ಅಲ್ಲೇ ಇರತ್ತೆ.

ನಮ್ಮ ಕನ್ನಡದವರಿಗಂತೂ ಈ ಪ್ರಶ್ನೆ ಬೇರೆಯವರಿಗಿಂತ ಜಾಸ್ತಿ ಮುಖ್ಯ. ಯಾಕಂದ್ರೆ ಆ ಕಾಲಕ್ಕೆ ಕರ್ನಾಟಕ ಅಂತ ಒಂದು ರಾಜ್ಯವೇ ಇರಲಿಲ್ಲವಲ್ಲ. ಧಾರವಾಡ, ಬೆಳಗಾವಿ, ಬಿಜಾಪುರದ ಹುಡುಗ ಬಾಂಬೆ ಪ್ರೆಸಿಡೆನ್ಸಿಯವನು, ಮಂಗಳೂರು, ಬಳ್ಳಾರಿಯವನು ಮದ್ರಾಸಿನವನು, ಕಲಬುರ್ಗಿ, ಬೀದರ್, ರಾಯಚೂರಿನವನು ನಿಜಾಮನ ಪ್ರಜೆ, ಕೊಡಗಿನದ್ದು ಬೇರೇನೇ, ಮೈಸೂರಿನವನು ಮಹಾರಾಜರ ಪ್ರಜೆ. ಒಂದೇ ಭಾಷೆ ಆಡೋ ಐದು ಹುಡುಗರು ಐದು ಕಡೆಯಿಂದ ಸೇನೆಗೆ ಸೇರಿದ್ರೆ ಅವರ ಕಾಗದ ಐದು ದಿಕ್ಕಿಗೆ ಹೋಗತ್ತೆ. ಅದೂ ಅಲ್ದೆ ಮೈಸೂರಿನವನು ಮಹಾರಾಜರ ಪಡೆಗೇ ಸೇರ್ಬೇಕು ಅಂತೇನಿರಲಿಲ್ಲ, ಬ್ರಿಟಿಷರ ಇಂಡಿಯನ್ ಆರ್ಮಿಗೂ ಸೇರಬಹುದಿತ್ತು, ಸೇರಿದೋರು ಬೇಕಾದಷ್ಟು ಜನ ಇದಾರೆ.

ಮೈಸೂರು ಲ್ಯಾನ್ಸರ್ಸ್ ತಗೊಳಿ, ಅಂದ್ರೆ ಮಹಾರಾಜರ ಕುದುರೆ ಪಡೆ. 1918ರ ಸೆಪ್ಟೆಂಬರ್ 23ನೇ ತಾರೀಕು ಈಗಿನ ಇಸ್ರೇಲಿನ ಹೈಫಾ ಊರನ್ನ ಗೆದ್ದಿದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್, ಅವರಿಬ್ಬರೂ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನವರು, ಅದೇ ಬ್ರಿಗೇಡಲ್ಲಿ ಹೈದರಾಬಾದ್ ಲ್ಯಾನ್ಸರ್ಸೂ ಇತ್ತು. ದೆಹಲಿಯ ತೀನ್ ಮೂರ್ತಿ ಹತ್ರ ನಿಂತಿರೋ ಮೂರು ಪ್ರತಿಮೆ ಇದೇ ಮೂರು ಸಂಸ್ಥಾನದ ಸವಾರರದ್ದು, ಬೆಂಗಳೂರಲ್ಲೂ ಜೆ.ಸಿ. ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ದಿನಾ ಅದರ ಮುಂದೆ ಓಡಾಡೋರಿಗೂ ಗೊತ್ತಿರಲ್ಲ. ಈಗ ನಿಮ್ಮ ಮುತ್ತಾತ ಆ ಲ್ಯಾನ್ಸರ್ಸಲ್ಲಿ ಸವಾರ ಆಗಿದ್ರು ಅನ್ಕೊಳಿ, ನೀವು ಸೀದಾ ಲಂಡನ್ನಿಗೆ ಪತ್ರ ಬರೆದ್ರೆ ತಪ್ಪಾಗತ್ತೆ. ಅದು ಸಂಸ್ಥಾನದ ಪಡೆ, ಸಂಬಳ ಮೈಸೂರು ಸರ್ಕಾರದ್ದು. ಹಾಗಾಗಿ ಮೊದಲು ನೋಡ್ಬೇಕಾದ್ದು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರೋ ಮೈಸೂರು ಸರ್ಕಾರದ ಹಳೇ ಕಡತಗಳು, ಅದರ ಜೊತೆಗೆ ವರ್ಷಾ ವರ್ಷ ಅಚ್ಚಾಗ್ತಿದ್ದ ಮೈಸೂರಿನ ಆಡಳಿತ ವರದಿಗಳು. ಸಂಸ್ಥಾನಕ್ಕೂ ಬ್ರಿಟಿಷರಿಗೂ ನಡೆದ ಪತ್ರವ್ಯವಹಾರ ಬೇಕಂದ್ರೆ ದೆಹಲಿಯ ನ್ಯಾಷನಲ್ ಆರ್ಕೈವ್ಸಲ್ಲಿ ಫಾರಿನ್ ಅಂಡ್ ಪೊಲಿಟಿಕಲ್ ಡಿಪಾರ್ಟ್‌ಮೆಂಟಿನ ಕಡತ ನೋಡ್ಬೇಕು, ಅವರ ಅಭಿಲೇಖ್ ಪಟಲ್ ಪೋರ್ಟಲಲ್ಲಿ ಮನೇಲಿ ಕೂತೇ ಕ್ಯಾಟಲಾಗ್ ಹುಡುಕಬಹುದು. ಆದ್ರೆ ಆ ಪಡೆ ಯುದ್ಧಭೂಮೀಲಿ ಯಾವ ದಿನ ಏನು ಮಾಡ್ತು ಅನ್ನೋದು ಮಾತ್ರ ಬ್ರಿಟಿಷರ ವಾರ್ ಡೈರೀಲೇ, ಅಂದ್ರೆ ಯುದ್ಧದ ದಿನಚರೀಲೇ ಸಿಗೋದು, ಯಾಕಂದ್ರೆ ಅಲ್ಲಿ ಹೋದಮೇಲೆ ಹುಕುಂ ಅವರದ್ದು.

ಬಾಂಬೆ ಕಡೆಯವರಾದ್ರೆ ಮರಾಠಾ ಲೈಟ್ ಇನ್‌ಫೆಂಟ್ರಿ ಸೇರಿರೋ ಸಾಧ್ಯತೆ ಜಾಸ್ತಿ, ಅದರ ಸೆಂಟರ್ ಈಗಲೂ ಬೆಳಗಾವೀಲೇ ಇದೆ. ಇಲ್ಲೊಂದು ಗುಂಡಿ ಇದೆ, ಬೀಳ್ಬೇಡಿ. 1922ರಲ್ಲಿ ಇಡೀ ಇಂಡಿಯನ್ ಆರ್ಮಿಯ ಪಲ್ಟನ್ನುಗಳ ನಂಬರ್ ಬದಲಾಯಿಸಿಬಿಟ್ರು. 1916ರ ಏಪ್ರಿಲಲ್ಲಿ ಮೆಸೊಪೊಟೇಮಿಯಾದ, ಅಂದ್ರೆ ಈಗಿನ ಇರಾಕಿನ ಕುತ್‌ನಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ತಡ್ಕೊಂಡು ಕೊನೆಗೆ ಶರಣಾದ ಸೇನೇಲಿ 110ನೇ ಮರಾಠಾ ಇತ್ತು, ಆ 110ನೇದು 1922ರ ನಂತರ 5ನೇ ಮರಾಠಾದ 3ನೇ ಬೆಟಾಲಿಯನ್. ಟ್ರಂಕಲ್ಲಿರೋ ಕಾಗದದಲ್ಲಿ 110 ಅಂತಿರತ್ತೆ, ನೀವು ಈಗಿನ ಪಟ್ಟೀಲಿ 110 ಹುಡುಕ್ತೀರಿ, ಸಿಗಲ್ಲ, ತಾತ ಸುಳ್ಳು ಹೇಳಿದ್ರು ಅಂತ ತೀರ್ಮಾನ ಮಾಡ್ಬಿಡ್ತೀರಿ. ಪಯೊನಿಯರ್ಸ್, ಅಂದ್ರೆ ಯುದ್ಧದ ಜೊತೆ ರಸ್ತೆ ಕೆಲಸಾನೂ ಮಾಡ್ತಿದ್ದ ಪಲ್ಟನ್ನುಗಳ ಕತೆ ಇನ್ನೂ ಕಷ್ಟ, 61ನೇ ಪಯೊನಿಯರ್ಸ್ 1914ರ ನವೆಂಬರಲ್ಲಿ ಪೂರ್ವ ಆಫ್ರಿಕಾದ ಟಾಂಗಾದಲ್ಲಿ ಇಳಿದವರು, ಆಮೇಲೆ ಮದ್ರಾಸ್ ಪಯೊನಿಯರ್ಸ್ ಅಂತ ಆಯ್ತು, 1933ರಲ್ಲಿ ಪಲ್ಟನ್ನನ್ನೇ ಮುಚ್ಚಿಬಿಟ್ರು. 1947ರಲ್ಲಿ ಸೇನೆ ಪಾಲಾದಾಗ ಕೆಲವು ರೆಜಿಮೆಂಟು ಪೂರ್ತಿ ಪಾಕಿಸ್ತಾನಕ್ಕೆ ಹೋದ್ವು. ಅಂದಹಾಗೆ ಒಂದು ವಿಚಿತ್ರ ಹೇಳ್ತೀನಿ, ಟೇಬಲ್ಲು ಕುರ್ಚಿ ಟೈಪ್‌ರೈಟರ್ ಸಮೇತ ಎಲ್ಲಾನೂ ಲೆಕ್ಕ ಹಾಕಿ ಹಂಚಿಕೊಂಡ ಎರಡು ದೇಶಗಳು ಎರಡನೇ ಮಹಾಯುದ್ಧದ ಅಧಿಕೃತ ಇತಿಹಾಸ ಬರೆಯೋ ವಿಭಾಗ ಒಂದನ್ನ ಮಾತ್ರ ಜಂಟಿಯಾಗಿಯೇ ಇಟ್ಕೊಂಡ್ವು, ಆ ಸಂಪುಟಗಳ ಮೇಲೆ ಇಂಡಿಯಾ ಅಂಡ್ ಪಾಕಿಸ್ತಾನ್ ಅಂತಾನೇ ಅಚ್ಚಾಗಿದೆ.

ಸರಿ, ವಿಷಯಕ್ಕೆ ಬರ್ತೀನಿ. ಟ್ರಂಕು.

ಆರ್ಕೈವಿಗೆ ಹೋಗೋ ಮುಂಚೆ ಮನೇಲಿರೋ ಟ್ರಂಕು, ಅಟ್ಟ, ದೇವರ ಮನೆ ಗೂಡು, ಚಿಕ್ಕಪ್ಪನ ಮನೆ, ಅತ್ತೆ ಮನೆ ಎಲ್ಲಾ ನೋಡಿ. ಮೆಡಲ್ ಇದ್ರೆ ಅದೇ ಅರ್ಧ ಆರ್ಕೈವ್. ಮೊದಲನೇ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳೀದು, ಅದರ ಅಂಚಿನ ಮೇಲೆ ನಂಬರ್, ದರ್ಜೆ, ಹೆಸರು, ಪಲ್ಟನ್ ಕೊರೆದಿರ್ತಾರೆ, ಭೂತಗನ್ನಡಿ ಹಿಡಿದು ಓದ್ಬೇಕು, ಪಾಲಿಷ್ ಮಾತ್ರ ಮಾಡ್ಬೇಡಿ ದಯವಿಟ್ಟು, ಉಜ್ಜಿ ಉಜ್ಜಿ ಅಕ್ಷರ ಅಳಿಸಿಹಾಕಿರೋ ಮನೆಗಳನ್ನ ನೋಡಿದೀನಿ. ಅದೇ ಮೆಡಲ್ ಕಂಚಿನದ್ದಾಗಿದ್ರೆ ಯಾರೋ ಕಡಿಮೆ ಬೆಲೇದು ಕೊಟ್ರು ಅಂತ ಅಲ್ಲ, ಲೇಬರ್ ಕೋರಿನಂಥ ಕೂಲಿ ಪಡೆಗಳಿಗೆ ಕೊಡ್ತಿದ್ದಿದ್ದೇ ಕಂಚಿಂದು, ಆ ಲೋಹಾನೇ ನಿಮಗೆ ಒಂದು ಸುಳಿವು. ಬ್ರಿಟನ್ನಿನ ಸೈನಿಕರಿಗೆ ಎರಡನೇ ಯುದ್ಧದ ಸ್ಟಾರುಗಳನ್ನ, ಅಂದ್ರೆ ನಕ್ಷತ್ರದ ಆಕಾರದ ಮೆಡಲುಗಳನ್ನ ಹೆಸರಿಲ್ಲದೆ ಕೊಟ್ರು, ಆದ್ರೆ ನಮ್ಮವರ ಸ್ಟಾರಿನ ಬೆನ್ನಿಗೆ ಸಾಮಾನ್ಯವಾಗಿ ನಂಬರೂ ಹೆಸರೂ ಇರತ್ತೆ. ಒಂದು ಕಡೆನಾದ್ರೂ ನಮಗೆ ಅನುಕೂಲ ಆಯ್ತು.

ನಮ್ಮ ತಾತನ ಮೆಡಲು ನಮ್ಮನೇಲಿ ಇರಲಿಲ್ಲ, ದೊಡ್ಡತ್ತೆ ಮನೇಲಿ ಒಂದು ಬಿಸ್ಕತ್ ಡಬ್ಬೀಲಿ ಸೂಜಿ ದಾರದ ಜೊತೆ ಇತ್ತು. ರಿಬ್ಬನ್ನುಗಳ ಬಣ್ಣ ಮಾಸಿತ್ತು ಆದ್ರೂ ಗೊತ್ತಾಗ್ತಿತ್ತು. ಬರ್ಮಾ ಸ್ಟಾರಿನ ರಿಬ್ಬನ್ ಕಡು ನೀಲಿ, ನಡುವೆ ಅಗಲವಾದ ಕೆಂಪು ಪಟ್ಟಿ, ಎರಡೂ ಬದಿ ಕಿತ್ತಳೆ. ನನ್ನ ಕೈಲಿದ್ದ ಒಂದು ರಿಬ್ಬನ್ ಮರಳಿನ ಬಣ್ಣದ್ದು, ನಡುವೆ ಕೆಂಪು, ಆಚೆ ಈಚೆ ಸಣ್ಣ ನೀಲಿ ಗೆರೆ, ಅದು ಆಫ್ರಿಕಾ ಸ್ಟಾರ್. ಇನ್ನೊಂದು ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು, ಅಂದ್ರೆ ಇಟಲಿ ಬಾವುಟದ ಬಣ್ಣ, ಅದು ಇಟಲಿ ಸ್ಟಾರ್. ಆಫ್ರಿಕಾ ಸ್ಟಾರ್ 1940ರ ಜೂನ್ 10ರಿಂದ 1943ರ ಮೇ 12ರವರೆಗಿನ ಸೇವೆಗೆ ಕೊಡೋದು, ಇಟಲೀದು 1943ರ ಜೂನ್ 11ರಿಂದ 1945ರ ಮೇ 8ರವರೆಗೆ. ಅಂದ್ರೆ ತಾತ ಬರ್ಮಾದಲ್ಲಿ ಇರಬೇಕಾಗಿದ್ದ ವರ್ಷಗಳಲ್ಲಿ ಭೂಮಧ್ಯ ಸಮುದ್ರದ ಆಚೆ ಈಚೆ ಓಡಾಡ್ಕೊಂಡಿದ್ರು. ಹಿಮ ಎಲ್ಲಿಂದ ಬಂತು ಅನ್ನೋದು ಆಗ ಹೊಳೀತು ನೋಡಿ.

ಸ್ಟಾರಿನ ಬೆನ್ನಲ್ಲಿ ನಂಬರ್ ಇತ್ತು, ಸ್ಯಾಪರ್ ಅಂತ ದರ್ಜೆ ಇತ್ತು, ಅಂದ್ರೆ ರಸ್ತೆ, ಸೇತುವೆ ಕಟ್ಟೋ ಸೈನಿಕ, ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಅಂತ ಗೊತ್ತಾಗೋ ಹಾಗೆ ಸಂಕ್ಷೇಪ ಇತ್ತು. ಹೆಸರು ಮಾತ್ರ ನಾನು ಟೈಪ್ ಮಾಡಿದ್ದ ಯಾವ ಸ್ಪೆಲಿಂಗೂ ಅಲ್ಲ. ಬರ್ತಿ ಮಾಡ್ಕೊಂಡ ಗುಮಾಸ್ತ ಕನ್ನಡದವನಲ್ಲ, ಕಿವಿಗೆ ಕೇಳಿದ್ದನ್ನ ಇಂಗ್ಲಿಷಲ್ಲಿ ಗೀಚಿದಾನೆ. ಚನ್ನಪ್ಪ ಅನ್ನೋ ಒಂದು ಹೆಸರನ್ನೇ ತಗೊಂಡ್ರೂ ಚಿನ್ನಪ್ಪ, ಚೆನಪ, ಶನ್ನಪ್ಪ, ಚನ್ನಪಾ ಅಂತ ನಾಲ್ಕು ಥರ ಆಗಬಹುದು, ಎಷ್ಟೋ ಸಲ ಅಪ್ಪನ ಹೆಸರೇ ಮಗನ ಹೆಸರಾಗಿರತ್ತೆ, ಊರಿನ ಹೆಸರು ಮನೆತನದ ಹೆಸರಾಗಿರತ್ತೆ. ವಯಸ್ಸನ್ನಂತೂ ನಂಬಲೇಬೇಡಿ, ಹದಿನಾರರ ಹುಡುಗ ಹದಿನೆಂಟು ಅಂತ ಹೇಳಿ ಸೇರಿದ್ದು ಸಾಮಾನ್ಯ. ಆದ್ರೆ ನಂಬರನ್ನ ಯಾರೂ ತಪ್ಪು ಬರೆಯಲ್ಲ, ಯಾಕಂದ್ರೆ ಸಂಬಳ ಹೋಗೋದು ನಂಬರಿಗೆ.

ನಂಬರ್ ಸಿಕ್ಕಮೇಲೆ ಹೋಗ್ಬೇಕಾದ್ದು ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಇಲ್ಲಿ ಎರಡು ಶಬ್ದ ನೆನಪಿಟ್ಕೊಳಿ, ಶೀಟ್ ರೋಲ್ ಮತ್ತು ಲಾಂಗ್ ರೋಲ್. ಶೀಟ್ ರೋಲ್ ಅಂದ್ರೆ ಒಬ್ಬ ಸೈನಿಕನ ಇಡೀ ಸೇವಾ ದಾಖಲೆ, ಬರ್ತಿ ಯಾವಾಗ, ಎಲ್ಲೆಲ್ಲಿ ಹೋದ, ಗಾಯ ಏನಾಯ್ತು, ಶಿಕ್ಷೆ ಏನಾಯ್ತು ಎಲ್ಲಾ. ದುಃಖದ ವಿಷಯ ಅಂದ್ರೆ ಪಿಂಚಣಿ ಇಲ್ಲದೆ ಬಿಡುಗಡೆ ಆದವರ ಶೀಟ್ ರೋಲನ್ನ 25 ವರ್ಷ ಇಟ್ಟು ನಾಶ ಮಾಡೋ ನಿಯಮ ಇದೆ, ಪಿಂಚಣಿದಾರರದ್ದು 50 ವರ್ಷ. ಯುದ್ಧಕ್ಕೆ ಅಂತ ಸೇರಿ 1946ರಲ್ಲಿ ಮನೆಗೆ ಕಳಿಸಿದ ಲಕ್ಷಾಂತರ ಜನರಿಗೆ ಪಿಂಚಣಿ ಇರಲಿಲ್ಲ, ಅವರ ಕಾಗದ ನಾವು ಹುಟ್ಟೋ ಹೊತ್ತಿಗೇ ಹೋಗಿದೆ. ಆದ್ರೆ ಲಾಂಗ್ ರೋಲ್ ಅಂತ ದಪ್ಪ ರಿಜಿಸ್ಟರ್ ಇರತ್ತೆ, ಒಬ್ಬೊಬ್ಬರಿಗೆ ಒಂದೊಂದು ಸಾಲು, ಅದನ್ನ ನಾಶ ಮಾಡಲ್ಲ. ಆದ್ದರಿಂದ ಪತ್ರ ಬರೆಯುವಾಗ "ತಾತನ ಬಗ್ಗೆ ಮಾಹಿತಿ ಕೊಡಿ" ಅಂತ ಬರೀಬೇಡಿ. ನಂಬರ್, ದರ್ಜೆ, ಮೆಡಲ್ ಮೇಲಿರೋ ಸ್ಪೆಲಿಂಗಿನಲ್ಲೇ ಹೆಸರು, ತಂದೆ ಹೆಸರು, ಊರು, ತಾಲ್ಲೂಕು, ಆಗಿನ ಜಿಲ್ಲೆ ಯಾವುದು ಅನ್ನೋದು, ನಿಮಗೂ ಅವರಿಗೂ ಸಂಬಂಧ ಏನು, ಇಷ್ಟು ಕೊಟ್ಟು ಲಾಂಗ್ ರೋಲಿನ ನಮೂದು ಬೇಕು ಅಂತ ಶಬ್ದ ಹಿಡಿದು ಕೇಳಿ. ಆ ಶಬ್ದ ಬಳಸಿದ್ರೆ ಕೂತಿರೋರಿಗೂ ಈ ಮನುಷ್ಯ ಏನೋ ತಿಳ್ಕೊಂಡು ಬಂದಿದಾನೆ ಅನ್ಸತ್ತೆ. ನನಗೆ ಬಂದಿದ್ದು ಒಂದೇ ಸಾಲು, ಸೇರಿದ ತಾರೀಕು, ಬಿಟ್ಟ ತಾರೀಕು, ಊರು, ಬಿಟ್ಟ ಕಾರಣ. ಒಂದೇ ಸಾಲು ಅಂತ ಬೇಜಾರಾಗ್ಲಿಲ್ಲ, ಆ ಪತ್ರಾನ ಲ್ಯಾಮಿನೇಟ್ ಮಾಡಿಸಿ ಇಟ್ಟಿದೀನಿ.

ಪಿಂಚಣಿ ಇದ್ದಿದ್ರೆ ದಾರಿ ಸುಲಭ, ಪಿಂಚಣಿ ಪುಸ್ತಕದಲ್ಲಿರೋ ಪಿಪಿಒ, ಅಂದ್ರೆ ಪಿಂಚಣಿ ಪಾವತಿ ಆದೇಶದ ನಂಬರ್ ಹಿಡ್ಕೊಂಡು ಹೋಗಬಹುದು, ಸೇನೆಯ ಪಿಂಚಣಿ ಲೆಕ್ಕ ಎಲ್ಲಾ ಅಲಹಾಬಾದಲ್ಲಿ, ಅಂದ್ರೆ ಈಗಿನ ಪ್ರಯಾಗ್‌ರಾಜಲ್ಲಿ. ಜಿಲ್ಲಾ ಸೈನಿಕ ಕಚೇರೀಲೂ ಕೇಳಿ ನೋಡಿ. ಕೆಲವರಿಗೆ ವಾಪಸ್ ಬಂದಮೇಲೆ ಜಮೀನು ಮಂಜೂರಾಗಿರತ್ತೆ, ಆಗ ತಾಲ್ಲೂಕು ಕಚೇರಿಯ ಹಳೇ ರಿಜಿಸ್ಟರಲ್ಲಿ ಮಾಜಿ ಸೈನಿಕ ಅಂತ ಒಂದು ಪದ ಇರತ್ತೆ, ಮನೆಯವರು ಅದನ್ನ ಜಮೀನಿನ ಕಾಗದ ಅಂತ ಇಟ್ಕೊಂಡಿರ್ತಾರೆ, ಮಿಲಿಟರಿ ಕಾಗದ ಅಂತ ಹೊಳೆದಿರಲ್ಲ.

ತೀರಿಕೊಂಡವರನ್ನ ಹುಡುಕೋದು ಬದುಕಿ ಬಂದವರನ್ನ ಹುಡುಕೋದಕ್ಕಿಂತ ಸುಲಭ, ಕೇಳೋಕೆ ಕೆಟ್ಟದಾಗಿದೆ ಆದ್ರೆ ನಿಜ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಇದೆ, 1917ರಲ್ಲಿ ಶುರುವಾಗಿದ್ದು, ಎರಡೂ ಯುದ್ಧದಲ್ಲಿ ಸತ್ತ ಸುಮಾರು 17 ಲಕ್ಷ ಜನರ ಪಟ್ಟಿ ಆನ್‌ಲೈನಲ್ಲಿ ಪುಕ್ಕಟೆ ಇದೆ. ಅವರ ಲೆಕ್ಕಕ್ಕೆ ಸೇರೋದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸತ್ತವರು. ಗುಂಡಿಗೇ ಬಲಿಯಾಗಿರ್ಬೇಕು ಅಂತಿಲ್ಲ, ಕೆಲಸದಲ್ಲಿದ್ದಾಗ ಕಾಯಿಲೆಯಿಂದ ಹೋದವರೂ ಬರ್ತಾರೆ. ಫ್ರಾನ್ಸಲ್ಲಿ ನ್ಯೂವ್ ಶಾಪೆಲ್ ಅನ್ನೋ ಕಡೆ ಇರೋ ಭಾರತೀಯರ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಹೆಸರಿದೆ. ಆದ್ರೆ ಇರಾಕಿನ ಬಸ್ರಾ ಸ್ಮಾರಕ ಕಟ್ಟಿದಾಗ ಏನು ಮಾಡಿದ್ರು ಗೊತ್ತಾ, ಬ್ರಿಟಿಷ್ ಸೈನಿಕರ ಹೆಸರು ಕೊರೆಸಿದ್ರು, ಭಾರತದ ಆಫೀಸರುಗಳ ಹೆಸರೂ ಕೊರೆಸಿದ್ರು, ನಮ್ಮ ಸಾಮಾನ್ಯ ಸಿಪಾಯಿಗಳನ್ನ ಮಾತ್ರ ಇಂಥ ಪಲ್ಟನ್, ಇಷ್ಟು ಜನ ಅಂತ ಸಂಖ್ಯೆ ಹಾಕಿ ಮುಗಿಸಿದ್ರು. ಈ ತಾರತಮ್ಯದ ಬಗ್ಗೆ 2021ರಲ್ಲಿ ಆ ಕಮಿಷನ್ನೇ ಒಂದು ವರದಿ ತಂದು ಕ್ಷಮೆ ಕೇಳ್ತು. ಏಷ್ಯಾ ಆಫ್ರಿಕಾದ ಕನಿಷ್ಠ 1,16,000 ಜನರ ಹೆಸರು ಎಲ್ಲೂ ಬರೆದಿಲ್ಲ, ಅದು 3,50,000 ತನಕವೂ ಇರಬಹುದು ಅಂತ ಅವರೇ ಒಪ್ಕೊಂಡಿದಾರೆ. ನಮ್ಮ ದೇಶದಲ್ಲೂ ಹಳ್ಳಿಗಳಲ್ಲಿ ಅಲ್ಲಲ್ಲಿ ಒಂದು ಕಲ್ಲು ಸಿಗತ್ತೆ ನೋಡಿ, ಈ ಊರಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದ್ರು, ಅದರಲ್ಲಿ ಇಷ್ಟು ಜನ ಪ್ರಾಣ ಕೊಟ್ರು ಅಂತ. ಅಲ್ಲೂ ಅಂಕಿ ಅಷ್ಟೇ.

ಈಗ ವಾರ್ ಡೈರಿ. ನನಗೆ ಇಡೀ ಹುಡುಕಾಟದಲ್ಲಿ ಇಷ್ಟವಾದ ಭಾಗ ಇದು, ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ. ಯುದ್ಧಕ್ಕೆ ಹೋದ ಪ್ರತಿ ಪಲ್ಟನ್ನೂ, ಪ್ರತಿ ಕಂಪನಿಯೂ ದಿನಚರಿ ಬರೀಬೇಕಿತ್ತು. ಜಾಗ, ತಾರೀಕು, ಹೊತ್ತು, ಏನಾಯ್ತು, ಹೀಗೆ ಕಾಲಂ. ಅವೆಲ್ಲಾ ಲಂಡನ್ನಿನ ಕ್ಯೂ ಅನ್ನೋ ಕಡೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸಲ್ಲಿದೆ. ಮೊದಲನೇ ಯುದ್ಧದ್ದು ಡಬ್ಲ್ಯೂಒ 95 ಅನ್ನೋ ಸರಣಿ. ಎರಡನೇ ಯುದ್ಧಕ್ಕೆ ಬಂದ್ರೆ ಈಜಿಪ್ಟ್ ಕಡೇದು ಡಬ್ಲ್ಯೂಒ 169, ಇಟಲೀದು 170, ಬರ್ಮಾ ಕಡೇದು 172. ಎರಡನೇ ಯುದ್ಧದ್ದು ಬಹುಪಾಲು ಸ್ಕ್ಯಾನ್ ಆಗಿಲ್ಲ, ಅಲ್ಲಿರೋ ಪರಿಚಯದವರು ರೀಡಿಂಗ್ ರೂಮಿಗೆ ಹೋದ್ರೆ ಫೋನಲ್ಲೇ ಫೋಟೋ ತೆಗೆದು ಕಳಿಸಬಹುದು, ಅದಕ್ಕೆ ದುಡ್ಡಿಲ್ಲ. ನನ್ನ ಗೆಳೆಯನ ಮಗಳು ಅಲ್ಲಿ ಓದ್ತಿದ್ಲು, ಪಾಪ ಒಂದು ಶನಿವಾರ ಪೂರ್ತಿ ಕೂತು 300 ಫೋಟೋ ತೆಗೆದು ಕಳಿಸಿದ್ಲು.

ಬ್ರಿಟಿಷ್ ಲೈಬ್ರರೀಲಿ ಇಂಡಿಯಾ ಆಫೀಸ್ ರೆಕಾರ್ಡ್ಸ್ ಅಂತ ಇನ್ನೊಂದು ದೊಡ್ಡ ಸಂಗ್ರಹ ಇದೆ, ಅದನ್ನ ಸಂಶೋಧಕರು ಚಿಕ್ಕದಾಗಿ ಐಒಆರ್ ಅಂತಾರೆ. ವಾರ್ ಡೈರೀಲೂ ಪುಟ ಪುಟದಲ್ಲಿ ಐಒಆರ್ ಅಂತ ಬರತ್ತೆ, ನಾನು ಮೊದಲು ಅದು ಆ ಸಂಗ್ರಹದ್ದೇ ಏನೋ ನಂಬರ್ ಇರಬೇಕು ಅನ್ಕೊಂಡಿದ್ದೆ. ಅಲ್ಲ. ಡೈರೀಲಿ ಐಒಆರ್ ಅಂದ್ರೆ ಇಂಡಿಯನ್ ಅದರ್ ರ್‍ಯಾಂಕ್ಸ್, ಅಂದ್ರೆ ಆಫೀಸರ್ ಅಲ್ಲದ ಭಾರತೀಯರು, ಅಂದ್ರೆ ನಮ್ಮ ತಾತಂದಿರು. ಬ್ರಿಟಿಷ್ ಆಫೀಸರಿಗೆ ನೆಗಡಿ ಆಗಿ ಆಸ್ಪತ್ರೆ ಸೇರಿದ್ರೂ ಹೆಸರು ಹಾಕಿ ಬರೀತಾರೆ, ನಮ್ಮವರು ನೆಲದಲ್ಲಿ ಹೂತಿಟ್ಟ ಮೈನ್ ಮೇಲೆ ಕಾಲಿಟ್ರೆ ಐಒಆರ್ ಎರಡು ಅಂತ ಬರೀತಾರೆ. ಇಂಡಿಯಾ ಆಫೀಸ್ ರೆಕಾರ್ಡ್ಸಲ್ಲಿ ಇಂಡಿಯನ್ ಆರ್ಮಿಯ ಬ್ರಿಟಿಷ್ ಆಫೀಸರುಗಳ ಸೇವಾ ದಾಖಲೆ ಇದೆ, ಸಿಪಾಯಿಗಳದ್ದು ಅಲ್ಲಿಗೆ ಹೋಗಲೇ ಇಲ್ಲ, ಅದು ಇಲ್ಲೇ ರೆಜಿಮೆಂಟಲ್ಲಿ ಉಳೀತು. ಒಂದು ಐಒಆರ್ ಒಳಗೆ ಇನ್ನೊಂದು ಐಒಆರ್ ಇಲ್ಲ, ಅಷ್ಟೇ ಕತೆ.

ಹೆಸರು ಬರೋಕೆ ಏನಾದ್ರೂ ದೊಡ್ಡದು ಆಗ್ಬೇಕು. ಮದ್ರಾಸ್ ಸ್ಯಾಪರ್ಸಿನ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ನೇ ತಾರೀಕು ಇಟಲಿಯ ಮಿನ್ಯಾನೋ ಹತ್ರ ಸಿಡಿಯೋಕೆ ಹೊರಟಿದ್ದ ಮೈನ್ ಮೇಲೆ ತಾನೇ ಮಲಗಿ ಜೊತೆಯವರನ್ನ ಉಳಿಸಿದ್ರು, ಅವರಿಗೆ ಜಾರ್ಜ್ ಕ್ರಾಸ್ ಅನ್ನೋ ದೊಡ್ಡ ಶೌರ್ಯ ಪದಕ ಕೊಟ್ರು, ಅದು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟಲ್ಲಿ ಅಚ್ಚಾಯ್ತು, ಆ ಗೆಜೆಟ್ ಇವತ್ತಿಗೂ ಆನ್‌ಲೈನಲ್ಲಿ ಪುಕ್ಕಟೆ ಹುಡುಕಬಹುದು. ನಿಮ್ಮ ತಾತನಿಗೆ ಪದಕವೋ ಪ್ರಶಂಸೆಯೋ ಸಿಕ್ಕಿತ್ತು ಅಂತ ಮಾತಿದ್ರೆ ಗೆಜೆಟ್ ಒಂದ್ಸಲ ನೋಡಿಬಿಡಿ.

ನನ್ನ ತಾತ ಅಂಥದ್ದೇನೂ ಮಾಡಿರಲಿಲ್ಲ. ಅವರಿದ್ದ ಫೀಲ್ಡ್ ಕಂಪನಿ 4ನೇ ಇಂಡಿಯನ್ ಡಿವಿಜನ್ನಿಗೆ ಸೇರಿದ್ದು. ಆ ಡಿವಿಜನ್ ಎರಿಟ್ರಿಯಾದ ಕೆರೆನ್‌ನಲ್ಲಿ ಹೊಡೆದಾಡಿದೆ, ಮರುಭೂಮೀಲಿ ಓಡಾಡಿದೆ, ಟ್ಯುನೀಷಿಯಾ ಮುಗಿಸಿ ಇಟಲಿಗೆ ಹೋಗಿ 1944ರ ಫೆಬ್ರವರಿ, ಮಾರ್ಚಲ್ಲಿ ಮಾಂಟೆ ಕಸೀನೋ ಬೆಟ್ಟದ ಮೇಲೆ ಚಳಿ ಮಳೆ ಹಿಮದಲ್ಲಿ ಕೂತಿದೆ. ಅಲ್ಲಿ ಅದರ ಸ್ಯಾಪರುಗಳೂ ನ್ಯೂಜಿಲೆಂಡಿನವರೂ ಸೇರಿ ಬೆಟ್ಟದ ಹಿಂದೆ ಕತ್ತೆ ಹೋಗೋ ಕಾಲುದಾರೀನ ಟ್ಯಾಂಕ್ ಹೋಗೋ ರಸ್ತೆ ಮಾಡಿದ್ರು, ಕ್ಯಾವೆಂಡಿಷ್ ರೋಡ್ ಅಂತ ಹೆಸರಿಟ್ರು, ಶತ್ರುಗೆ ಗೊತ್ತಾಗಬಾರದು ಅಂತ ಕದ್ದುಮುಚ್ಚಿ ಮಾಡಬೇಕಿತ್ತು. ನಮ್ಮನೆ ಕತೇಲಿದ್ದ ರಾತ್ರಿ, ಬೆಟ್ಟದ ದಾರಿ, ಹೇಸರಗತ್ತೆ, ಮರಗಟ್ಟಿದ ಕಾಲು ಎಲ್ಲಾ ಅಲ್ಲಿತ್ತು. ಊರಿನ ಹೆಸರೊಂದು ಬಿಟ್ಟು ತಾತ ಹೇಳಿದ್ದು ಎಲ್ಲಾ ಸರಿ. ಆ 300 ಫೋಟೋದಲ್ಲಿ ತಾತನ ಹೆಸರು ಒಂದು ಕಡೆನೂ ಇಲ್ಲ, ಗಾಯಾಳು ಐಒಆರ್ ಅಂತ ಬಂದ ಕಡೆಯೆಲ್ಲಾ ನಿಂತು ಇದು ಅವರೇ ಇರಬಹುದಾ ಅಂತ ನೋಡ್ತೀನಿ, ಅವರ ಎಡಗೈಯಲ್ಲಿ ಒಂದು ಹಳೇ ಗಾಯದ ಕಲೆ ಇದ್ದಿದ್ದು ನೆನಪಿದೆ.

ಬರ್ಮಾ ಅಂತ ಯಾಕೆ ಬಂತು ಅಂತ ಕೇಳ್ತೀರಿ. ನನ್ನ ಊಹೆ ಇಷ್ಟು, ತಾತನ ಷಡ್ಡಕರೊಬ್ರು ನಿಜವಾಗ್ಲೂ ಬರ್ಮಾಕ್ಕೆ ಹೋಗಿದ್ರು, ಆ ಕಾಲದ ಹೆಂಗಸರಿಗೆ ಹಡಗು ಹತ್ತಿದೋರೆಲ್ಲಾ ಹೋಗೋದು ಬರ್ಮಾಕ್ಕೇ, ಇಟಲಿ ಅನ್ನೋ ಹೆಸರು ಯಾರ ಬಾಯಿಗೂ ಹಿಡಿಸ್ಲಿಲ್ಲ. ಮೆಡಲು, ರಿಬ್ಬನ್ನು, ಲಾಂಗ್ ರೋಲಿನ ಸಾಲು, ಡೈರಿ ಫೋಟೋ ಎಲ್ಲಾ ತಗೊಂಡು ದೊಡ್ಡತ್ತೆ ಮುಂದೆ ಹರಡ್ಕೊಂಡು ಕೂತು ಒಂದು ಗಂಟೆ ವಿವರಿಸಿದೆ. ಪೂರ್ತಿ ಕೇಳಿದ್ರು. ಆಮೇಲೆ ಮೆಡಲುಗಳನ್ನ ಮತ್ತೆ ಬಿಸ್ಕತ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾ, "ಅದೆಲ್ಲಾ ಇರ್ಲಿ ಬಿಡು, ನಮ್ಮಪ್ಪ ಬರ್ಮಾಕ್ಕೆ ಹೋದಾಗ ಹೀಗೇ ತುಂಬಾ ಚಳಿ ಇತ್ತಂತೆ" ಅಂದ್ರು.